ಮಾಂಟ್ಸೆರಾಟ್: ಒಂದು ದ್ವೀಪ, ಒಂದು ಇಕ್ವೇಷನ್

ಜನಸಂಖ್ಯೆ ಅಂದ ತಕ್ಷಣ ನಮಗೆ ನೆನಪಾಗೋದು ಹೈಸ್ಕೂಲಿನ ಸಮಾಜ ವಿಜ್ಞಾನದ ಪುಸ್ತಕ. ಅಂಕಿ ಬಾಯಿಪಾಠ ಮಾಡು, ಪರೀಕ್ಷೆಯಲ್ಲಿ ಬರೆ, ಮರೆತುಬಿಡು. ಆದರೆ ಅದನ್ನು ಇಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ತುಂಬಾ ಸರಳವಾದ, ಅಷ್ಟೇ ಕುತೂಹಲದ ವಿಷಯ. ಈ ಸಲ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪ ತೆಗೆದುಕೊಂಡು ಅದನ್ನು ಕಲಿಯೋಣ. ಹೆಸರು ಮಾಂಟ್ಸೆರಾಟ್. ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಈ ದ್ವೀಪದ ವಿಸ್ತೀರ್ಣ ಸುಮಾರು 102 ಚದರ ಕಿಲೋಮೀಟರ್ ಅಷ್ಟೇ.

ಮೊದಲು ಸೂತ್ರ:

ಇಂದಿನ ಜನಸಂಖ್ಯೆ = ಹಿಂದಿನ ಜನಸಂಖ್ಯೆ + ಹುಟ್ಟು − ಸಾವು + ಒಳಗೆ ಬಂದವರು − ಹೊರಗೆ ಹೋದವರು

ಥರ್ಮೋಡೈನಾಮಿಕ್ಸ್ ಓದಿದವರಿಗೆ ಇದು ಹಳೇ ಪರಿಚಯ. ದ್ವೀಪ ಅಂದರೆ ಒಂದು ಕಂಟ್ರೋಲ್ ವಾಲ್ಯೂಮ್. ಸುತ್ತಲೂ ಸಮುದ್ರ ಇರೋದರಿಂದ ಗಡಿ ಎಲ್ಲಿ ಅನ್ನೋ ಗೊಂದಲವೇ ಇಲ್ಲ. ದೊಡ್ಡ ದೇಶಗಳಲ್ಲಿ ಹೆಚ್ಚಾಗಿ ಹುಟ್ಟು-ಸಾವಿನ ವ್ಯತ್ಯಾಸವೇ ಲೆಕ್ಕ ತೀರ್ಮಾನಿಸುತ್ತದೆ. ಪುಟ್ಟ ದ್ವೀಪಗಳಲ್ಲಿ ಹಾಗಲ್ಲ, ಬಂದವರು ಮತ್ತು ಹೋದವರು ಅನ್ನೋ ಕೊನೆಯ ಎರಡು ಪದಗಳೇ ಆಟ ಆಡಿಸುತ್ತವೆ.

ಮಾಂಟ್ಸೆರಾಟ್‌ನ ಇತಿಹಾಸವನ್ನೂ ಈ ಎರಡು ಪದಗಳಲ್ಲೇ ಹೇಳಬಹುದು. 17ನೇ ಶತಮಾನದಲ್ಲಿ ಐರಿಶ್ ಜನ ಬಂದು ನೆಲೆಸಿದರು. ಆಮೇಲೆ ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಹಿಡಿದು ತಂದರು. ಸೂತ್ರದಲ್ಲಿ ಇಬ್ಬರೂ "ಒಳಗೆ ಬಂದವರು" ಅಂತಲೇ ಬರುತ್ತಾರೆ. ಒಬ್ಬರು ಬಂದವರು, ಇನ್ನೊಬ್ಬರು ತರಲ್ಪಟ್ಟವರು ಅನ್ನೋದನ್ನು ಪ್ಲಸ್ ಚಿಹ್ನೆ ಹೇಳುವುದಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು. ಇವತ್ತು ದ್ವೀಪದ ಬಹುಪಾಲು ಜನ ಆಫ್ರಿಕನ್ ಮೂಲದವರು, ಆದರೆ ಊರುಗಳ ಹೆಸರಲ್ಲಿ, ಮನೆತನದ ಹೆಸರಲ್ಲಿ ಐರಿಶ್ ಗುರುತು ಉಳಿದಿದೆ. 1946ರಲ್ಲಿ ಅಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಇದ್ದರು. ನಂತರ ಕೆಲಸ ಹುಡುಕಿಕೊಂಡು ಸಾವಿರಾರು ಮಂದಿ ಬ್ರಿಟನ್‌ಗೆ ಹೋದರು. 1990ರ ದಶಕದ ಶುರುವಿನಲ್ಲಿ ಉಳಿದಿದ್ದು ಸುಮಾರು 11 ಸಾವಿರ.

ಆಮೇಲೆ ಬಂತು 1995ರ ಜುಲೈ 18. ದ್ವೀಪದ ದಕ್ಷಿಣದಲ್ಲಿರುವ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ, ನೂರಾರು ವರ್ಷ ಸುಮ್ಮನಿದ್ದದ್ದು, ಎಚ್ಚರವಾಯಿತು. 1996ರ ಏಪ್ರಿಲ್‌ನಲ್ಲಿ ರಾಜಧಾನಿ ಪ್ಲಿಮತ್ ಕೊನೆಯ ಬಾರಿಗೆ ಖಾಲಿಯಾಯಿತು. ಆಸ್ಪತ್ರೆ, ಬಂದರು, ಸರ್ಕಾರಿ ಕಚೇರಿ ಎಲ್ಲಾ ಇದ್ದ ಊರು ಅದು. 1997ರ ಜೂನ್ 25ರಂದು ಬಿಸಿ ಅನಿಲ, ಬೂದಿ, ಕಲ್ಲು ಒಟ್ಟಿಗೇ ಬೆಟ್ಟದಿಂದ ಧುಮುಕಿ ಬಂದು 19 ಜನ ಸತ್ತರು. ಇದಕ್ಕೆ ಪೈರೋಕ್ಲಾಸ್ಟಿಕ್ ಫ್ಲೋ ಅಂತಾರೆ. ಗಂಟೆಗೆ ನೂರು ಕಿಲೋಮೀಟರ್‌ಗೂ ಹೆಚ್ಚಿನ ವೇಗ, ನೂರಾರು ಡಿಗ್ರಿ ಶಾಖ, ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಹೋಗಬಾರದು ಅಂತ ಹೇಳಿದ ಜಾಗಕ್ಕೆ ಅವರಲ್ಲಿ ಕೆಲವರು ಹೋಗಿದ್ದು ಬೆಳೆ ನೋಡಿಕೊಳ್ಳೋಕೆ. ಒಳ್ಳೆಯ ಹೊಲಗಳೆಲ್ಲ ಆ ಕಡೆಗೇ ಇದ್ದವು.

ಈಗ ಸೂತ್ರಕ್ಕೆ ವಾಪಸ್ ಬನ್ನಿ. ಜ್ವಾಲಾಮುಖಿಯಿಂದ "ಸಾವು" ಅನ್ನೋ ಪದ 19 ಹೆಚ್ಚಾಯಿತು. "ಹೊರಗೆ ಹೋದವರು" ಅನ್ನೋ ಪದ ಏಳೆಂಟು ಸಾವಿರ ಹೆಚ್ಚಾಯಿತು. ಕೆಲವರು ಪಕ್ಕದ ಆಂಟಿಗಾ ದ್ವೀಪಕ್ಕೆ, ತುಂಬಾ ಜನ ಬ್ರಿಟನ್‌ಗೆ ಹೋದರು. 1998ರ ಹೊತ್ತಿಗೆ ಜನಸಂಖ್ಯೆ ಮೂರು ಸಾವಿರದ ಆಸುಪಾಸಿಗೆ ಇಳಿದಿತ್ತು. ಒಂದು ಊರನ್ನು ವಿಪತ್ತು ಖಾಲಿ ಮಾಡೋದು ಹೆಚ್ಚಾಗಿ ಹೀಗೇ.

ಇನ್ನೊಂದು ಪಾಠ ಡೆನ್ಸಿಟಿಯದು. ಮೊದಲು 11,000 ಜನ, 102 ಚದರ ಕಿ.ಮೀ. ಭಾಗಿಸಿದರೆ ಸುಮಾರು 108. ಈಗ ಸುಮಾರು 4,500 ಜನ, ಅದೇ 102. ಉತ್ತರ 44. ಅಬ್ಬಾ, ಎಷ್ಟು ಆರಾಮಾಗಿ ಇದ್ದಾರೆ ಅನ್ನಿಸುತ್ತೆ ಅಲ್ವಾ? ಆದರೆ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ವಾಸಕ್ಕೆ ಅವಕಾಶವಿಲ್ಲ. ಉತ್ತರದಲ್ಲಿ ವಾಸಕ್ಕೆ ಸಿಗೋದು 40 ಚದರ ಕಿ.ಮೀ. ಎಂದು ಹಿಡಿದು ಮತ್ತೆ ಭಾಗಿಸಿ. ಉತ್ತರ 112! ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಹೋದಮೇಲೂ ಇರುವವರಿಗೆ ಜಾಗ ಹೆಚ್ಚಾಗಿಲ್ಲ. ಯಾವುದೇ ಸರಾಸರಿ ನೋಡಿದಾಗ ಛೇದದಲ್ಲಿ ಏನಿದೆ ಅಂತ ಮೊದಲು ಕೇಳಬೇಕು ಅನ್ನೋದು ಇದಕ್ಕೇ.

ಸಣ್ಣ ಸಂಖ್ಯೆಗಳ ಕಾಟವೂ ಇದೆ. ಒಂದು ಉದಾಹರಣೆ ಊಹಿಸಿಕೊಳ್ಳಿ: 4,500 ಜನರಲ್ಲಿ ವರ್ಷಕ್ಕೆ 45 ಮಕ್ಕಳು ಹುಟ್ಟಿದರೆ ಜನನ ದರ ಸಾವಿರಕ್ಕೆ 10. ಮುಂದಿನ ವರ್ಷ ಐದೇ ಐದು ಮಕ್ಕಳು ಹೆಚ್ಚಾದರೆ ದರ ಶೇಕಡಾ 11ರಷ್ಟು ಜಿಗಿಯುತ್ತದೆ. ಅಲ್ಲಿ ನಿಜವಾಗಿ ಏನೂ ಬದಲಾಗಿರೋದಿಲ್ಲ. ಹಾಗಾಗಿ ಪುಟ್ಟ ಜಾಗಗಳಿಗೆ ಒಂದು ವರ್ಷದ ದರಕ್ಕಿಂತ ಹಲವು ವರ್ಷಗಳ ಸರಾಸರಿಯೇ ವಾಸಿ.

2011ರ ಜನಗಣತಿಯಲ್ಲಿ ಸಿಕ್ಕಿದ್ದು 4,922 ಜನ. ಆದರೆ ಅದು ಹೋದವರೆಲ್ಲ ಮರಳಿ ಬಂದದ್ದಲ್ಲ. ಮನೆ, ರಸ್ತೆ ಮತ್ತೆ ಕಟ್ಟೋಕೆ ಗಯಾನಾ, ಜಮೈಕಾ, ಡೊಮಿನಿಕನ್ ರಿಪಬ್ಲಿಕ್‌ಗಳಿಂದ ಕೆಲಸಗಾರರು ಬಂದು ನೆಲೆಸಿದ್ದಾರೆ. ಅದೇ ಸಮಯದಲ್ಲಿ ದ್ವೀಪದಲ್ಲಿ ಇರುವವರಿಗಿಂತ ಬ್ರಿಟನ್ನಲ್ಲಿರುವ ಮಾಂಟ್ಸೆರಾಟ್ ಮೂಲದವರೇ ಹೆಚ್ಚು. ಹಾಗಾದರೆ ಮಾಂಟ್ಸೆರಾಟ್‌ನವರು ಅಂದರೆ ಯಾರು? ಲಂಡನ್ನಿನಲ್ಲಿ ಬೆಳೆದು ಮಾರ್ಚ್ ತಿಂಗಳ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಬಂದುಹೋಗುವವರೋ, ಗಯಾನಾದಿಂದ ಬಂದು ಅಲ್ಲೇ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವವರೋ? ಜನಗಣತಿ ಆ ದಿನ ಅಲ್ಲಿ ವಾಸ ಇದ್ದವರನ್ನು ಎಣಿಸುತ್ತದೆ. ಊರು ಯಾರದ್ದು ಅನ್ನೋದು ಆ ಎಣಿಕೆಯ ಕೆಲಸ ಅಲ್ಲ.

ಇಂಜಿನಿಯರ್‌ಗಳಿಗೆ ಇಲ್ಲಿ ಕೆಲಸವೂ ಇದೆ. ಹಳೇ ವಿಮಾನ ನಿಲ್ದಾಣ ಜ್ವಾಲಾಮುಖಿಗೆ ಬಲಿಯಾದ ಮೇಲೆ 2005ರಲ್ಲಿ ಉತ್ತರದಲ್ಲಿ ಹೊಸದು ಶುರುವಾಯಿತು. 2013ರಲ್ಲಿ ಭೂಶಾಖದಿಂದ ಕರೆಂಟ್ ತೆಗೆಯೋ ಉದ್ದೇಶದಿಂದ ಬಾವಿ ಕೊರೆದರು. ಜ್ವಾಲಾಮುಖಿ ಉಗುಳಿದ ಮರಳನ್ನು ಹಡಗಿಗೆ ತುಂಬಿ ಹೊರಗೆ ಮಾರುತ್ತಾರೆ. ಇವೆಲ್ಲ ಜನಸಂಖ್ಯೆಯ ಪ್ರಶ್ನೆಗಳೇ. ಕೆಲಸ, ಕರೆಂಟ್, ಬಂದುಹೋಗೋ ದಾರಿ ಇದ್ದರೆ ಮಾತ್ರ ಸೂತ್ರದ ಕೊನೆಯ ಪದ ಚಿಕ್ಕದಾಗುತ್ತದೆ. ನಾವು ಮುಂದೆ ರಸ್ತೆಯೋ ಬಂದರೋ ಡಿಸೈನ್ ಮಾಡುವಾಗ "ಎಷ್ಟು ಜನಕ್ಕೆ?" ಅಂತ ಕೇಳಿಯೇ ಕೇಳುತ್ತೇವೆ. ಜೊತೆಗೆ ಇದನ್ನೂ ಕೇಳೋಣ: ನಾವು ಕಟ್ಟಿದ್ದರಿಂದ ಎಷ್ಟು ಜನ ಅಲ್ಲೇ ಉಳಿದಾರು?