ಹುರಿದ ಜೋಳದ ಕಂದು ಅಂಬಲಿ, ಮೇಲೆ ಇಂಡಿ ಲಿಂಬೆಯ ಘಮ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಕುದಿಸುವ ಹವ್ಯಾಸಕ್ಕೆ ಕೇಂದ್ರ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ. ಆ ಹವ್ಯಾಸಿಗಳು ಮೆಚ್ಚಿ ಬೆಳೆಸಿದ ಬಗೆಗಳಲ್ಲಿ ಬ್ರೌನ್ ಏಲ್ ಒಂದು. ಹುರಿದ ಧಾನ್ಯದ ಕಂದು ಬಣ್ಣ ಅದರ ಮೈ, ಹಾಪ್ಸ್ ಹೂವಿನ ಕಹಿ ಮತ್ತು ಲಿಂಬೆಜಾತಿಯ ಹಣ್ಣುಗಳಂಥ ಘಮ ಅದರ ಮೇಲುಹೊದಿಕೆ. ನಮ್ಮಲ್ಲಿ ಅದನ್ನು ಮನೆಯಲ್ಲಿ ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದರೆ ಆ ಕೈಕೆಲಸದ ತಿಳಿವಳಿಕೆಗೆ, ಅಂದರೆ ಧಾನ್ಯ ಮೊಳೆಸುವುದು, ಹುರಿಯುವುದು, ಶಾಖ ನೋಡಿ ಬೆರೆಸುವುದು, ಹುಳಿ ಬರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಇವಕ್ಕೆ ಬೇಕಾದ ಸಾಮಾನು ಈಗಾಗಲೇ ಇದೆ: ಬಿಳಿಜೋಳ, ಗೋದಿ, ಮಜ್ಜಿಗೆ, ಲಿಂಬೆ ಮತ್ತು ಬೇಕಾದಷ್ಟು ಬಿಸಿಲು. ಇವುಗಳಿಂದ ಮತ್ತೇರದ ಒಂದು ಕಂದು ಅಂಬಲಿ ಮಾಡುವ ಕ್ರಮ ಇಲ್ಲಿದೆ.

ಜೋಳದ ಪಾನೀಯ ನಮ್ಮೊಬ್ಬರದೇ ಸ್ವತ್ತಲ್ಲ. ಘಾನಾ, ಬುರ್ಕಿನಾ ಫಾಸೋಗಳಲ್ಲಿ ಹೆಂಗಸರು ಮೊಳಕೆ ಜೋಳದಿಂದ ಪಿಟೋ, ಡೋಲೋ ಎಂಬ ಬಿಯರ್ ಕುದಿಸುತ್ತಾರೆ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟಿನ, ಅಂದರೆ ಮೊಳೆಸಿ ಒಣಗಿಸಿದ ಬಾರ್ಲಿಯ, ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬಿಯರ್ ಕಾರ್ಖಾನೆಗಳೂ ಜೋಳಕ್ಕೆ ತಿರುಗಿದವು. ನಮ್ಮ ಕಡೆ ಜೋಳ ಹುಳಿಯಾಗಿದ್ದು ಮಜ್ಜಿಗೆಯ ಜೊತೆ. ಬೀದರ್ ಸೀಮೆಯ ಎಳ್ಳಮಾವಾಸ್ಯೆಯಲ್ಲಿ ಭಜ್ಜಿಯ ಪಕ್ಕ ಅಂಬಲಿಯ ಗಡಿಗೆ ಇರಲೇಬೇಕು. ವಿಜಯಪುರದ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಹೊಲಕ್ಕೆ ಹೋಗುವವರ ಹೊಟ್ಟೆಯನ್ನು ತಂಪಾಗಿಟ್ಟಿದ್ದೂ ಇದೇ. ಪೇಟೆಯ ಬಣ್ಣದ ಬಾಟಲಿಗಳ ಮುಂದೆ ಇದು ಹಿಂದೆ ಸರಿದದ್ದು ನನಗೆ ನೋವಿನ ಸಂಗತಿ. ರುಚಿಯಲ್ಲಿ ಇದು ಯಾವುದಕ್ಕೂ ಕಡಿಮೆಯಿಲ್ಲ, ಮಾಡುವವರು ಸ್ವಲ್ಪ ಲಕ್ಷ್ಯ ಕೊಡಬೇಕು ಅಷ್ಟೆ.

ಮೊದಲು ಮೊಳಕೆ

ಈ ಕೆಲಸವನ್ನು ನಾಲ್ಕೈದು ದಿನ ಮುಂಚೆಯೇ ಮುಗಿಸಿಕೊಳ್ಳಿ. ಕಾಲು ಕಿಲೋ ಗೋದಿಯನ್ನು ಹಸನು ಮಾಡಿ, ತೊಳೆದು, ರಾತ್ರಿಯಿಡೀ ನೆನೆಹಾಕಿ. ನಡುವೆ ಒಮ್ಮೆ ನೀರು ಬದಲಿಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲಾಗಿ ಕಟ್ಟಿ ನೆರಳಲ್ಲಿಡಿ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ ಕೈಯಾಡಿಸಿ, ಇಲ್ಲದಿದ್ದರೆ ಒಳಗೆ ಕಾವು ಕೂತು ಮುಗ್ಗಲು ವಾಸನೆ ಬರುತ್ತದೆ. ಎರಡು ಮೂರು ದಿನದಲ್ಲಿ ಬೇರು ಕಾಳಿನಷ್ಟುದ್ದ ಬಂದಾಗ ತೆಳ್ಳಗೆ ಹರವಿ ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಅಂಗೈಯಲ್ಲಿ ತಿಕ್ಕಿದರೆ ಬೇರು ಉದುರುತ್ತದೆ. ಅದನ್ನು ಕೇರಿ ತೆಗೆದು, ಉಳಿದ ಕಾಳನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಡಬ್ಬಿಗೆ ಹಾಕಿ. ಇದೇ ಮಾಲ್ಟ್. ಇದನ್ನು ಹುರಿಯಬಾರದು. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಹೆಚ್ಚು ಶಾಖ ತಾಗಿದರೆ ಅದು ಸತ್ತುಹೋಗುತ್ತದೆ.

ಜೋಳ ಮನೆಯಲ್ಲೇ ಇರುವಾಗ ಗೋದಿ ಯಾಕೆ ಎಂದು ನೀವು ಕೇಳಬಹುದು. ಎಳೆಯ ಜೋಳದ ಬೆಳೆಗೆ ದನ ಬಿಡಬಾರದೆಂಬುದು ರೈತರೆಲ್ಲರಿಗೂ ಗೊತ್ತು. ಆ ಎಳೆ ಗಿಡದಲ್ಲಿ ಸೈನೈಡ್ ಬಿಡುಗಡೆ ಮಾಡುವ ಧುರಿನ್ ಎಂಬ ಅಂಶವಿರುತ್ತದೆ. ಜೋಳದ ಮೊಳಕೆ, ಬೇರುಗಳಲ್ಲೂ ಅದೇ ಇದೆ. ಬಲಿತ ಒಣ ಕಾಳಿನಲ್ಲಿ ಈ ಭಯವಿಲ್ಲ. ಆಫ್ರಿಕಾದ ಕುಶಲಕರ್ಮಿಗಳು ಜೋಳವನ್ನೇ ಮೊಳೆಸಿ, ಒಣಗಿಸಿ, ಕುದಿಸಿ ಬಳಸುತ್ತಾರೆ ನಿಜ. ಆದರೂ ಮಕ್ಕಳೂ ಕುಡಿಯುವ ಮನೆಯ ಅಂಬಲಿಗೆ ಗೋದಿಯ ಮೊಳಕೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗೋದಿ ಒಗ್ಗದವರು ಮಾಲ್ಟ್ ಬಿಟ್ಟುಬಿಡಿ. ಅಂಬಲಿ ಗಟ್ಟಿಯಾಗುತ್ತದೆ, ಆಗ ಇನ್ನೆರಡು ವಾಟಿ ನೀರು ಹೆಚ್ಚಿಗೆ ಹಾಕಿದರಾಯಿತು.

ಕಂದು ಬಣ್ಣ ಬರುವುದು ಕಡಾಯಿಯಲ್ಲಿ

ನಾಲ್ಕೈದು ಜನಕ್ಕೆ ಒಂದೂವರೆ ವಾಟಿ ಜೋಳದ ಹಿಟ್ಟು ಸಾಕು. ಇಲ್ಲಿ ವಾಟಿ ಎಂದರೆ 200 ಮಿಲಿಲೀಟರ್ ಹಿಡಿಯುವ ಬಟ್ಟಲು. ಗಿರಣಿಯಿಂದ ಆಗಷ್ಟೇ ಬಂದ ಹಿಟ್ಟಾದರೆ ಉತ್ತಮ. ಹಿಂಗಾರಿ ಮಾಲ್ದಂಡಿ ಜೋಳ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಸಿಹಿ ಚೆನ್ನಾಗಿರುತ್ತದೆ. ಇದರಲ್ಲಿ ಅರ್ಧ ವಾಟಿಯನ್ನು ದಪ್ಪ ತಳದ ಕಡಾಯಿಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಿರಿ. ಕೈ ನಿಲ್ಲಿಸಬೇಡಿ. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಸುಟ್ಟ ರೊಟ್ಟಿಯ ಅಂಚಿನ ಪರಿಮಳ ಬರುತ್ತದೆ, ಬಣ್ಣ ಬಾದಾಮಿಯ ಸಿಪ್ಪೆಗೆ ತಿರುಗುತ್ತದೆ. ಅಲ್ಲಿಗೆ ಇಳಿಸಿ ಕೂಡಲೇ ತಾಟಿಗೆ ಸುರಿಯಿರಿ. ಬಿಸಿ ಕಡಾಯಿಯಲ್ಲೇ ಬಿಟ್ಟರೆ ಹಿಟ್ಟು ಹೊತ್ತಿ ಕಹಿಯಾಗುತ್ತದೆ. ಬ್ರೌನ್ ಏಲ್ ಮಾಡುವವರೂ ಹೀಗೆಯೇ ಧಾನ್ಯವನ್ನು ಎರಡು ಪಾಲು ಮಾಡುತ್ತಾರೆ: ಹೆಚ್ಚಿನದು ಕಿಣ್ವಕ್ಕಾಗಿ ಹುರಿಯದೆ ಉಳಿಯುತ್ತದೆ, ಸ್ವಲ್ಪ ಬಣ್ಣಕ್ಕೂ ರುಚಿಗೂ ಹುರಿದದ್ದು.

ಸಂಜೆಯ ಕುದಿತ

ಹುರಿದದ್ದು, ಹುರಿಯದ್ದು ಎರಡನ್ನೂ ಒಂದೂವರೆ ವಾಟಿ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ. ಎರಡೂವರೆ ವಾಟಿ ನೀರು ಮರಳುವಾಗ ಅದನ್ನು ಸುರಿದು, ಸಣ್ಣ ಉರಿಯಲ್ಲಿ ತಿರುವುತ್ತ ಹದಿನೈದು ನಿಮಿಷ ಬೇಯಿಸಿ. ಜೋಳದ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚು ಶಾಖ ಬೇಡುತ್ತದೆ, ಅರೆಬೆಂದರೆ ಮಾಲ್ಟ್ ಅದನ್ನು ಒಡೆಯಲಾರದು. ಸ್ಟೀಲ್ ಪಾತ್ರೆಯೇ ಇರಲಿ. ಹುಳಿಗೆ ಅಲ್ಯೂಮಿನಿಯಂ ಆಗದು, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರವಂತೂ ಬೇಡವೇ ಬೇಡ.

ಮಾಲ್ಟ್ ಕೆಲಸ ಮಾಡುವ ಶಾಖ ಸುಮಾರು 65 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೂ ಅಲ್ಲಿಗೆ ತಲುಪಲು ಸುಲಭದ ಉಪಾಯವಿದೆ: ಉರಿ ಆರಿಸಿ, ಮನೆಯಲ್ಲಿಟ್ಟ ಕುಡಿಯುವ ನೀರನ್ನು ಮೂರು ವಾಟಿ ಸುರಿದು ಐದು ನಿಮಿಷ ತಿರುವಿ. ಆಮೇಲೆ ಎರಡು ಚಮಚ ಗೋದಿ ಮಾಲ್ಟ್ ಬೆರೆಸಿ ಮುಚ್ಚಿಡಿ. ಇಪ್ಪತ್ತು ನಿಮಿಷದ ನಂತರ ಮುಚ್ಚಳ ತೆಗೆದು ನೋಡಿ. ಸೌಟಿಗೆ ಅಂಟುತ್ತಿದ್ದ ಗಂಜಿ ತೆಳ್ಳಗಾಗಿರುತ್ತದೆ, ನಾಲಿಗೆಗೆ ಸಣ್ಣ ಸಿಹಿ ತಾಗುತ್ತದೆ. ಹಿಟ್ಟು ಹೆಚ್ಚಿದ್ದೂ ಕುಡಿಯಲು ಹಗುರಾದ ಪಾನೀಯ ಸಿಗುವುದು ಈ ಒಂದು ಹಂತದಿಂದ, ಹಾಗಾಗಿ ಇದನ್ನು ಅವಸರಿಸಬೇಡಿ.

ಮೊಳಕೆಯ ಹಿಟ್ಟಿನಲ್ಲಿ ಸೂಕ್ಷ್ಮಾಣುಗಳು ಇದ್ದೇ ಇರುತ್ತವೆ. ಆದ್ದರಿಂದ ಮತ್ತೊಮ್ಮೆ ಐದು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಉಪ್ಪು ಈಗ ಹಾಕಿ.

ಲಿಂಬೆಯ ಸರದಿ

ಹಾಪ್ಸ್ ಹೆಚ್ಚು ಹೊತ್ತು ಕುದಿದರೆ ಕಹಿ ಕೊಡುತ್ತದೆ, ಕೊನೆಗೆ ಬಿದ್ದರೆ ಘಮ ಕೊಡುತ್ತದೆ. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ತಳಿ ಹೆಸರು ಮಾಡಿದ್ದೇ ಅಂಥ ಸಿಟ್ರಸ್ ಘಮದಿಂದ. ನಮಗೆ ಅದಕ್ಕಾಗಿ ದೂರ ಹೋಗಬೇಕಿಲ್ಲ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿಯ ಕಾಗ್ಜಿ ಲಿಂಬೆಯ ತೆಳುಸಿಪ್ಪೆಯಲ್ಲಿ ಆ ಎಣ್ಣೆ ತುಂಬಿದೆ. ಒಂದು ಲಿಂಬೆಯನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ, ತೋಟದಲ್ಲಿ ಔಷಧ ಹೊಡೆದಿರಬಹುದು. ಮೇಲಿನ ಹಸಿರು ಹಳದಿ ಪದರನ್ನು ಮಾತ್ರ ಸಣ್ಣ ಮಣೆಯಲ್ಲಿ ತುರಿಯಿರಿ, ಬಿಳಿ ತಾಗಬಾರದು. ಉರಿ ಆರಿಸಿದ ಕೂಡಲೇ ತುರಿಯನ್ನು ಗಂಜಿಗೆ ಹಾಕಿ ಮುಚ್ಚಿ. ಸಣ್ಣ ಕಹಿ, ದೊಡ್ಡ ಘಮ ಎರಡೂ ಇಳಿಯುತ್ತವೆ.

ಈಗ ಪಾತ್ರೆಯನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿ ಇಟ್ಟು ತಿರುವುತ್ತ ಬೇಗ ತಣಿಸಿ. ಬಿಸಿ ಗಂಜಿ ಗಂಟೆಗಟ್ಟಲೆ ತಾನೇ ಆರಲೆಂದು ಬಿಟ್ಟರೆ ಬೇಡದ ಸೂಕ್ಷ್ಮಾಣುಗಳಿಗೆ ಎಡೆ ಸಿಗುತ್ತದೆ. ಕೈಗೆ ಉಗುರುಬೆಚ್ಚಗಾದಾಗ, ಕಾಸಿದ ಹಾಲಿನ ಮೊಸರಿನಿಂದ ಕಡೆದ ಹುಳಿ ಮಜ್ಜಿಗೆ ಒಂದು ವಾಟಿ ಬೆರೆಸಿ. ಕುದಿನೀರಲ್ಲಿ ತೊಳೆದ ಗಡಿಗೆಗೆ ಸುರಿದು ಬಾಯಿಗೆ ಬಟ್ಟೆ ಕಟ್ಟಿ. ಬೇಸಿಗೆಯಾದರೆ ಎಂಟು ಹತ್ತು ಗಂಟೆ, ಚಳಿಗಾಲದಲ್ಲಿ ಹದಿನಾರರವರೆಗೂ ಬೇಕಾದೀತು. ಮಜ್ಜಿಗೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಸಕ್ಕರೆಯನ್ನು ಹುಳಿಯಾಗಿಸುತ್ತದೆ. ಆ ಹುಳಿಯೇ ಅಂಬಲಿಯ ಕಾವಲು.

ಬೆಳಿಗ್ಗೆ ಹಿತವಾದ ಹುಳಿ ವಾಸನೆ ಬರಬೇಕು, ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದರೆ ಚಿಂತೆಯಿಲ್ಲ. ಕೊಳೆತ ನಾತ, ಲೋಳೆ, ಗುಲಾಬಿ ಅಥವಾ ಕಪ್ಪು ಬೂಜು ಕಂಡರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿ. ಚೆನ್ನಾಗಿದ್ದರೆ ಇನ್ನೊಂದು ವಾಟಿ ತಾಜಾ ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಹುರಿದ ಜೀರಿಗೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಬೆರೆಸಿ. ಲಿಂಬೆರಸ ಬೇಕೆನಿಸಿದರೆ ಲೋಟಕ್ಕೇ ಹಿಂಡಿ.

ಮಾಡಿದ ದಿನವೇ ಕುಡಿದು ಮುಗಿಸಿ. ಉಳಿದದ್ದು ಫ್ರಿಜ್ಜಿನಲ್ಲಿ ಮರುದಿನದವರೆಗೆ ಇರಬಹುದು. ಅದಕ್ಕಿಂತ ಹೆಚ್ಚು ಇಟ್ಟರೆ ಮಾಲ್ಟಿನ ಸಿಹಿಗೆ ಗಾಳಿಯ ಯೀಸ್ಟ್ ಸೇರಿ ಮದ್ಯಾಂಶ ಹುಟ್ಟತೊಡಗುತ್ತದೆ. ಅದೇ ಕಾರಣಕ್ಕೆ ಬೆಲ್ಲ, ಬೇಕರಿಯ ಯೀಸ್ಟ್ ಸೇರಿಸಬೇಡಿ, ಬಿರಡೆ ಬಿಗಿದ ಬಾಟಲಿಯಲ್ಲಿ ತುಂಬಬೇಡಿ. ಒಳಗೆ ಅನಿಲ ಕೂಡಿ ಗಾಜು ಸಿಡಿಯುವ ಅಪಾಯವೂ ಇದೆ. ಹೊಲಕ್ಕೆ ಒಯ್ಯುವಾಗ ಸಡಿಲ ಮುಚ್ಚಳದ ಸ್ಟೀಲ್ ಕ್ಯಾನಿಗೆ ಒದ್ದೆ ಬಟ್ಟೆ ಸುತ್ತಿ, ಉಳ್ಳಾಗಡ್ಡಿಯನ್ನು ಬೇರೆ ಕಟ್ಟಿಕೊಂಡು ಹೋಗಿ, ಕುಡಿಯುವ ಹೊತ್ತಿಗೆ ಬೆರೆಸಿ.