ಬಣ್ಣವಿಲ್ಲದ ಗೋಲಿಗಳಿಂದ ಬಣ್ಣ: ಸಂಯೋಜಿತ ಫೋಟಾನಿಕ್ ಸ್ಫಟಿಕಗಳು



ನವಿಲುಗರಿಯನ್ನು ನುಣ್ಣಗೆ ಅರೆದರೆ ನೀಲಿಯೂ ಉಳಿಯುವುದಿಲ್ಲ, ಹಸಿರೂ ಉಳಿಯುವುದಿಲ್ಲ. ಕಂದು ಪುಡಿ ಮಾತ್ರ ಸಿಗುತ್ತದೆ. ಹಾಗಾದರೆ ಬಣ್ಣ ಎಲ್ಲಿತ್ತು? ಗರಿಯೊಳಗಿನ ಸೂಕ್ಷ್ಮ ಕಣಗಳ ಜೋಡಣೆಯಲ್ಲಿ.

ಈ ಪ್ರಶ್ನೆಗೆ ನಮ್ಮ ಬೆಂಗಳೂರಿನ ನಂಟಿದೆ. 1948ರಲ್ಲಿ ಇಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಸರ್ ಸಿ.ವಿ. ರಾಮನ್, 1953ರಲ್ಲಿ ಎ. ಜಯರಾಮನ್ ಅವರೊಂದಿಗೆ ಓಪಲ್ ರತ್ನದ ಬಣ್ಣಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ರತ್ನದೊಳಗಿನ ಕ್ರಮಬದ್ಧ ಪದರಗಳೇ ಬಣ್ಣಕ್ಕೆ ಕಾರಣ ಎಂಬುದು ಅವರ ವಿವರಣೆ. ಆ ಪದರಗಳು ಯಾವುದರಿಂದ ಆಗಿವೆ ಎಂಬುದು 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಿಳಿಯಿತು. ಅಂಗಡಿಯಲ್ಲಿ ಪೇರಿಸಿಟ್ಟ ಕಿತ್ತಳೆ ಹಣ್ಣುಗಳಂತೆ, ಒಂದೇ ಗಾತ್ರದ ಸಿಲಿಕಾ ಗೋಲಿಗಳು ಅಲ್ಲಿದ್ದವು! ಬೆಳಕಿನ ತರಂಗದೂರಕ್ಕೆ ಹೊಂದುವ ಅಂತರದಲ್ಲಿ ಹೀಗೆ ಪುನರಾವರ್ತನೆಯಾಗುವ ರಚನೆಯೇ ಫೋಟಾನಿಕ್ ಸ್ಫಟಿಕ.

ತಯಾರಿಸುವುದು ಹೇಗೆ?

ಮೊದಲು ಒಂದೇ ಗಾತ್ರದ ಸಿಲಿಕಾ ಗೋಲಿಗಳನ್ನು ಆಲ್ಕೋಹಾಲ್‌ನಲ್ಲಿ ಬೆರೆಸಿ, ಅದರಲ್ಲಿ ಸ್ವಚ್ಛವಾದ ಗಾಜಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ದ್ರವ ನಿಧಾನವಾಗಿ ಆವಿಯಾದಂತೆ ಗೋಲಿಗಳು ತಾವಾಗಿಯೇ ಗಾಜಿನ ಮೇಲೆ ಸಾಲುಗಟ್ಟುತ್ತವೆ. ಗೋಲಿಗಳ ಗಾತ್ರ ಹೆಚ್ಚುಕಡಿಮೆಯಾದರೆ ಸಾಲು ಕೆಟ್ಟು, ಬಣ್ಣ ಮಂಕಾಗುತ್ತದೆ. ಒತ್ತಾಗಿ ಜೋಡಿಸಿದ ಗೋಲಿಗಳು ಶೇ. 74ರಷ್ಟು ಜಾಗ ತುಂಬುತ್ತವೆ, ಉಳಿದ ಶೇ. 26 ಖಾಲಿ. ಆ ಖಾಲಿ ಜಾಗದಲ್ಲಿ ನೀರು, ಪಾಲಿಮರ್ ಅಥವಾ ಬೇರೆ ವಸ್ತು ತುಂಬಿದರೆ ಅದು ಸಂಯೋಜಿತ ಸ್ಫಟಿಕ.

ಲೆಕ್ಕ ನೋಡೋಣ

ಬೆಳಕು ನೇರವಾಗಿ ಬಿದ್ದಾಗ:

ಪ್ರತಿಫಲಿಸುವ ತರಂಗದೂರ = 2 × ಪದರಗಳ ಅಂತರ × ಸರಾಸರಿ ವಕ್ರೀಭವನ ಸೂಚ್ಯಂಕ

ಪದರಗಳ ಅಂತರವು ಗೋಲಿಯ ವ್ಯಾಸದ 0.816 ಪಟ್ಟು. ಸರಾಸರಿ ಸೂಚ್ಯಂಕದ ವರ್ಗ = 0.74 × (ಗೋಲಿಯ ಸೂಚ್ಯಂಕದ ವರ್ಗ) + 0.26 × (ತುಂಬಿದ ವಸ್ತುವಿನ ಸೂಚ್ಯಂಕದ ವರ್ಗ).

ವ್ಯಾಸ 250 ನ್ಯಾನೋಮೀಟರ್, ಸಿಲಿಕಾದ ಸೂಚ್ಯಂಕ 1.45 ಎಂದಿರಲಿ. ನಡುವೆ ಗಾಳಿ ಇದ್ದರೆ ಸರಾಸರಿ ಸೂಚ್ಯಂಕ ಸುಮಾರು 1.35, ಪ್ರತಿಫಲಿಸುವ ತರಂಗದೂರ ಸುಮಾರು 550 ನ್ಯಾನೋಮೀಟರ್, ಅಂದರೆ ಹಸಿರು. ನೀರು (1.33) ತುಂಬಿದರೆ ಸರಾಸರಿ 1.42, ತರಂಗದೂರ ಸುಮಾರು 580, ಅಂದರೆ ಹಳದಿ. ಗೋಲಿ ಬದಲಾಗಲಿಲ್ಲ, ಬಣ್ಣ ಬದಲಾಯಿತು! ಯಾವ ದ್ರವ ಒಳಗೆ ಬಂದಿದೆ ಎಂದು ಬಣ್ಣದಿಂದಲೇ ಗುರುತಿಸುವ ಸಂವೇದಕಗಳಿಗೆ ಇದೇ ತಳಹದಿ.

ಆದರೆ ನೀರು ತುಂಬಿದಾಗ ಬಣ್ಣದ ಹೊಳಪು ಕುಗ್ಗುತ್ತದೆ. ಏಕೆಂದರೆ ಗೋಲಿಗೂ ನೀರಿಗೂ ಸೂಚ್ಯಂಕದ ಅಂತರ ಕಡಿಮೆ. ಪಟ್ಟಿಯನ್ನು ಓರೆ ಮಾಡಿ ನೋಡಿದರೆ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ. ಈ ಎರಡನ್ನೂ ರೋಹಿತಮಾಪಕದಿಂದ ಅಳೆಯುತ್ತಾರೆ.

ನಿಮಗೆರಡು ಪ್ರಶ್ನೆ

1. ಗೋಲಿಯ ವ್ಯಾಸ 300 ನ್ಯಾನೋಮೀಟರ್ ಆದರೆ, ಗಾಳಿಯಲ್ಲಿ ಯಾವ ಬಣ್ಣ ಕಾಣುತ್ತದೆ?
2. ಸೂಚ್ಯಂಕ 1.45 ಇರುವ ದ್ರವವನ್ನೇ ತುಂಬಿದರೆ ಏನಾಗುತ್ತದೆ?

ಎರಡನೆಯದಕ್ಕೆ ಸೂತ್ರ ಒಂದು ತರಂಗದೂರವನ್ನು ಕೊಡುತ್ತದೆ, ಆದರೆ ಕಣ್ಣಿಗೆ ಬಣ್ಣವೇ ಕಾಣುವುದಿಲ್ಲ. ಕಾರಣವನ್ನು ಮೇಲಿನ ಪಾಠದಲ್ಲೇ ಹುಡುಕಿ, ತರಗತಿಯಲ್ಲಿ ಚರ್ಚಿಸಿ.