ಆಚಾರಗಳ ಇಕ್ಕಟ್ಟು ಮತ್ತು ಲಕ್ಕಮ್ಮನವರ ವಿವೇಕ

ಸದ್ಗೃಹಸ್ಥನಾದ ಭಕ್ತನಿಗೆ ಒಂದು ಸಂಶಯವು ಆಗಾಗ್ಗೆ ತಲೆದೋರುವುದು. ಒಳಿತನ್ನೂ ಕೆಡುಕನ್ನೂ ಎದುರಿಗಿರಿಸಿದರೆ ಯಾವುದನ್ನು ಆಯ್ದುಕೊಳ್ಳಬೇಕೆಂಬುದು ಬಾಲಕನಿಗೂ ತಿಳಿದೀತು. ಆದರೆ ಎರಡು ಒಳಿತುಗಳೇ ಎದುರೆದುರಾಗಿ ನಿಂತು, ಒಂದನ್ನು ನಡೆಸಿದರೆ ಮತ್ತೊಂದು ಕೆಡುವಂತಾದಾಗ ಏನು ಗತಿ? ಮಕ್ಕಳ ವಿದ್ಯೆಗೆಂದು ಕೂಡಿಟ್ಟ ಹಣವಿದೆ. ಅದೇ ಹೊತ್ತಿಗೆ ಬೆಳೆ ಕಳೆದುಕೊಂಡ ನೆಂಟನು ಬಾಗಿಲಿಗೆ ಬಂದು ನಿಂತಿದ್ದಾನೆ. ಹೊಲಕ್ಕೆ ನೀರು ಹಾಯಿಸುವ ಸರದಿ ಇಂದು ತನ್ನದು; ಅತ್ತ ಮನೆಗೆ ಜಂಗಮರು ದಯಮಾಡಿಸಿದ್ದಾರೆ. ಕಂಡುದನ್ನು ಹೇಳಿದರೆ ಅಣ್ಣತಮ್ಮಂದಿರ ಮನೆ ಒಡೆಯುವುದು. ಹೇಳದಿದ್ದರೆ ಸತ್ಯಕ್ಕೆ ಕುಂದು. ಇಂಥ ಹೊತ್ತಿನಲ್ಲಿ ಮನುಷ್ಯನು ಹೇಗೋ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವನು. ಆಮೇಲೆ, ಬಿಟ್ಟದ್ದು ಒಳಿತೇ ಆಗಿರಲಿಲ್ಲವೆಂದು ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಳ್ಳುವನು. ಈ ಸಮಾಧಾನವು ಸರಿಯೇ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬ ಪಂಚಾಚಾರಗಳ ಹೆಸರನ್ನು ನಮ್ಮ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುವರು. ಒಪ್ಪಿಸಿದ ಮೇಲೆ ಪಾಠ ಮುಗಿಯಿತೆಂದು ನಾವೂ ಎದ್ದು ಹೋಗುವೆವು. ಆದರೆ ಐದು ಏಕೆ, ಒಂದೇ ಏಕೆ ಸಾಲದು ಎಂದು ಕೇಳುವವರು ವಿರಳ. ಸತ್ಯಶುದ್ಧವಾದ ಕಾಯಕದಿಂದ ಗಳಿಸಿ ಗುರುಲಿಂಗಜಂಗಮಕ್ಕೆ ಸವೆಸುವುದು ಸದಾಚಾರ. ಶಿವಭಕ್ತರಲ್ಲಿ ಕುಲಗೋತ್ರಗಳ ಭೇದವೆಣಿಸದಿರುವುದು ಶಿವಾಚಾರ. ಶರಣರೆಲ್ಲರೂ ತನಗಿಂತ ಹಿರಿಯರು, ತಾನು ಅವರ ಭೃತ್ಯನು ಎಂದು ಬಾಗಿ ನಡೆಯುವುದು ಭೃತ್ಯಾಚಾರ. ಧರ್ಮಕ್ಕೆ ನಿಂದೆಯೊದಗಿದಾಗ, ಅನ್ಯಾಯವು ನಡೆದಾಗ ಸಹಿಸದೆ ಎದುರು ನಿಲ್ಲುವುದು ಗಣಾಚಾರ. ಈಗ ಕಡೆಯ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ಬಾಗು ಎನ್ನುವುದು, ಇನ್ನೊಂದು ಬಾಗದಿರು ಎನ್ನುವುದು. ತಪ್ಪು ಮಾಡಿದವನು ತನಗಿಂತ ಹಿರಿಯನಾದ ಭಕ್ತನೇ ಆಗಿದ್ದಲ್ಲಿ ಕಿರಿಯನು ಯಾವ ಆಚಾರವನ್ನು ನಡೆಸಬೇಕು? ಐದನ್ನೂ ಕರಗಿಸಿ ಒಂದೇ ಅಚ್ಚಿಗೆ ಎರಕ ಹೊಯ್ದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಹಾಗೆ ಹೊಯ್ಯದೆ ಐದನ್ನೂ ಐದಾಗಿಯೇ ಉಳಿಸಿದುದರಲ್ಲಿ ಒಂದು ತಿಳಿವಳಿಕೆಯಿದೆ ಎಂದೇ ನನ್ನ ಎಣಿಕೆ.

ಪಾಶ್ಚಾತ್ಯ ನೀತಿಶಾಸ್ತ್ರಜ್ಞರಲ್ಲಿಯೂ ಇದೇ ಚರ್ಚೆ ಬಹುಕಾಲದಿಂದ ನಡೆದುಬಂದಿದೆ. ಎಲ್ಲ ಕರ್ತವ್ಯಗಳಿಗೂ ಒಂದೇ ಮೂಲಸೂತ್ರವನ್ನು ಕಂಡುಹಿಡಿಯಬೇಕೆಂದು ಹೊರಟವರಲ್ಲಿ ಕ್ಯಾಂಟನು ಸರ್ವರಿಗೂ ಸಮನಾಗಿ ಅನ್ವಯಿಸಬಲ್ಲ ನಿಯಮವನ್ನು ಹಿಡಿದನು. ಬೆಂಥಮ್, ಮಿಲ್ ಮೊದಲಾದವರು ಬಹುಜನರ ಸುಖವನ್ನು ಹಿಡಿದರು. ಇವರ ಹಿಂದೆ ಬಂದ ಡಬ್ಲ್ಯೂ. ಡಿ. ರಾಸ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸನು 1930ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೇರೊಂದು ಮಾರ್ಗವನ್ನು ತೋರಿದನು. ಕೊಟ್ಟ ಮಾತನ್ನು ನಡೆಸುವುದು, ಮಾಡಿದ ಕೇಡಿಗೆ ಪರಿಹಾರವೀಯುವುದು, ಉಪಕಾರ ಸ್ಮರಣೆ, ನ್ಯಾಯ, ಪರಹಿತ, ಆತ್ಮೋನ್ನತಿ, ಯಾರಿಗೂ ಕೇಡು ಮಾಡದಿರುವುದು ಇವೆಲ್ಲವೂ ನಮ್ಮನ್ನು ನಿಜವಾಗಿಯೇ ಬಂಧಿಸುವ ಕರ್ತವ್ಯಗಳು. ಇವುಗಳಲ್ಲಿ ಯಾವುದು ಯಾವಾಗಲೂ ಮೇಲು ಎಂಬ ಏಣಿಯನ್ನು ಕಟ್ಟಲಾಗದು ಎಂದು ಅವನ ಸಿದ್ಧಾಂತ. 1958ರಲ್ಲಿ ಐಸಯಾ ಬರ್ಲಿನ್ ಎಂಬಾತನು ಆಕ್ಸ್‌ಫರ್ಡಿನಲ್ಲಿಯೇ ಮಾಡಿದ ಉಪನ್ಯಾಸದಲ್ಲಿ, ಮನುಷ್ಯನು ಬೆಲೆಗೊಡುವ ಒಳಿತುಗಳು ಹಲವಾಗಿದ್ದು ಅವೆಲ್ಲವೂ ಒಟ್ಟಿಗೆ ಕೈಗೂಡಲಾರವು, ಆದುದರಿಂದ ಆಯ್ಕೆಯಲ್ಲಿ ಕೆಲವೊಮ್ಮೆ ತುಂಬಲಾರದ ನಷ್ಟವಿರುವುದು ಎಂದನು. ಈ ಮತಕ್ಕೆ ಮೌಲ್ಯಬಹುತ್ವವೆಂದು ಹೆಸರಿಡಬಹುದು.

ಹಾಗಾದರೆ ಆಯ್ಕೆ ಮಾಡುವವರಾರು? ಏಣಿಯಿಲ್ಲದೆ ಹತ್ತುವುದು ಹೇಗೆ? ಇಲ್ಲಿಗೆ ಬಂದಾಗ ವಿದ್ವಾಂಸರ ದೃಷ್ಟಿಯು ನಿಯಮದಿಂದ ನಿಯಮವನ್ನು ನಡೆಸುವ ಮನುಷ್ಯನ ಕಡೆಗೆ ಹೊರಳಿತು. ಅದೇ 1958ರಲ್ಲಿ ಎಲಿಜಬೆತ್ ಆನ್ಸ್‌ಕೂಂಬ್ ಎಂಬ ವಿದುಷಿಯು ಬರೆದ ಲೇಖನವೂ, 1981ರಲ್ಲಿ ಬಂದ ಮ್ಯಾಕಿಂಟೈರನ ಗ್ರಂಥವೂ ಪ್ರಾಚೀನ ಗ್ರೀಸಿನ ಅರಿಸ್ಟಾಟಲನತ್ತ ಮತ್ತೆ ಬೆರಳು ಮಾಡಿದವು. ಅರಿಸ್ಟಾಟಲನ ಪ್ರಕಾರ ಸದ್ಗುಣವೆಂಬುದು ಮೇಲಿಂದ ಮೇಲೆ ಮಾಡಿ ಮೈಗೂಡಿಸಿಕೊಂಡ ಶೀಲ. ಅತಿಗೂ ಕೊರತೆಗೂ ನಡುವೆ ಅದು ನಿಲ್ಲುವುದು. ಆ ನಡುವನ್ನು ಅಳೆಯಲು ಗಜಕಡ್ಡಿಯಿಲ್ಲ. ವಿವೇಕಿಯಾದವನ ಕಣ್ಣೇ ಅಳತೆ. ನಮ್ಮ ಮಾತಿನಲ್ಲಿ ಇದನ್ನು ಹದವೆನ್ನುವೆವು. ಎರೆಭೂಮಿಯನ್ನು ಯಾವ ದಿನ ಬಿತ್ತಬೇಕೆಂಬುದನ್ನು ಪಂಚಾಂಗವು ಒಂದಿಷ್ಟು ಹೇಳೀತು. ಆದರೆ ಒಕ್ಕಲಿಗನು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿಯೇ ಹದ ಬಂದಿದೆಯೋ ಇಲ್ಲವೋ ನಿರ್ಣಯಿಸುವನು. ಜೋಳದ ಹಿಟ್ಟಿಗೆ ಎಷ್ಟು ಬಿಸಿನೀರೆಂದು ರೊಟ್ಟಿ ಬಡಿಯುವ ತಾಯಂದಿರನ್ನು ಕೇಳಿದರೆ ಅವರೂ ಇದನ್ನೇ ಹೇಳುವರು.

ಈ ಹದದ ವಿವೇಕಕ್ಕೆ ನಿದರ್ಶನವನ್ನು ಹುಡುಕಿಕೊಂಡು ಗ್ರೀಸಿಗೆ ಹೋಗಬೇಕಾದುದಿಲ್ಲ. ಲಿಂಗಸುಗೂರು ತಾಲೂಕಿನ ಗುರುಗುಂಟಾದ ಬಳಿ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಈ ಸ್ಥಳದಿಂದಲೇ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುವುದು. ಅವರ ವಚನಾಂಕಿತದಲ್ಲಿಯೂ ಆ ದೇವನ ಹೆಸರು ನಿಂತಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುವುದು ದಂಪತಿಗಳ ಕಾಯಕವಾಗಿದ್ದಿತು. ಕಾಯಕದಲ್ಲಿ ತೊಡಗಿದವನಿಗೆ ಆ ಹೊತ್ತಿನಲ್ಲಿ ಗುರುದರ್ಶನವಾಗಲಿ ಲಿಂಗಪೂಜೆಯಾಗಲಿ ಮರೆತರೂ ದೋಷವಿಲ್ಲವೆಂಬಷ್ಟು ನಿಷ್ಠೆ ಮಾರಯ್ಯನವರದು.

ಇನ್ನು ಶೂನ್ಯಸಂಪಾದನೆಯಲ್ಲಿ ಬರುವ ಎರಡು ಪ್ರಸಂಗಗಳನ್ನು ಕೂಡಿಸಿ ನೋಡಬೇಕು. ನಮ್ಮ ಪ್ರವಚನಗಳಲ್ಲಿ ಇವನ್ನು ಬಿಡಿಬಿಡಿಯಾಗಿ ಹೇಳುವುದರಿಂದ ಇವುಗಳ ಒಳನಂಟು ಮರೆಯಾಗಿಬಿಡುವುದು. ಒಮ್ಮೆ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟರು. ಗೋಷ್ಠಿಯೇನು ಸಾಮಾನ್ಯವೇ? ಅಲ್ಲಮಪ್ರಭುವಿನಂಥವರ ಸಂಗ! ಆದರೂ ಲಕ್ಕಮ್ಮನವರು, ಕಾಯಕವು ನಿಂತಿದೆ, ಎದ್ದು ಹೋಗಬೇಕೆಂದು ಪತಿಯನ್ನು ಎಚ್ಚರಿಸಿದರು. ಇನ್ನೊಮ್ಮೆ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದೂ ಕಥೆಯುಂಟು. ಅದನ್ನು ಕಂಡ ಲಕ್ಕಮ್ಮನವರಿಗೆ ಹಿಗ್ಗಾಗಲಿಲ್ಲ. ಆಸೆಯೆಂಬುದು ಅರಸರಿಗೆ ಸಲ್ಲುವುದೇ ಹೊರತು ಭಕ್ತನಿಗೆ ಸಲ್ಲದೆಂಬ ಭಾವದಿಂದ, ಹೆಚ್ಚಾದುದನ್ನು ಅಲ್ಲಿಗೇ ಮರಳಿ ಹಾಕಿ ಬರುವಂತೆ ಹೇಳಿದರು.

ಒಂದು ಪ್ರಸಂಗದಲ್ಲಿ ಹೋಗು ಎಂದವರೂ ಇನ್ನೊಂದರಲ್ಲಿ ಸಾಕು ಎಂದವರೂ ಒಬ್ಬರೇ. ಕಾಯಕ ಹೆಚ್ಚಿದಷ್ಟೂ ಒಳ್ಳೆಯದೆಂಬುದೇ ಅವರ ಸೂತ್ರವಾಗಿದ್ದರೆ ಎರಡನೆಯ ದಿನ ಅವರು ಸಂತೋಷಪಡಬೇಕಾಗಿತ್ತು. ತೃಪ್ತಿಯೇ ಪರಮಧರ್ಮವೆಂಬುದು ಸೂತ್ರವಾಗಿದ್ದರೆ ಮೊದಲನೆಯ ದಿನ ಗೋಷ್ಠಿಯಿಂದ ಪತಿಯನ್ನು ಎಬ್ಬಿಸಬೇಕಾಗಿರಲಿಲ್ಲ. ಮಾರಯ್ಯನವರ ಪರವಾಗಿಯೂ ನ್ಯಾಯವಾದ ಮಾತಿತ್ತೆಂಬುದನ್ನು ನಾವು ಮರೆಯಲಾಗದು. ಹೆಚ್ಚು ಅಕ್ಕಿ ಬಂದರೆ ಹೆಚ್ಚು ಜಂಗಮರು ಉಣ್ಣುವರಲ್ಲವೇ? ಪರಹಿತದ ಲೆಕ್ಕವನ್ನಷ್ಟೇ ಹಾಕುವವನು ಆ ಅಕ್ಕಿಯನ್ನು ಮರಳಿಸೆಂದು ಹೇಳಲಾರನು. ಲಕ್ಕಮ್ಮನವರು ಕಂಡದ್ದಾದರೂ ಏನು? ಅಕ್ಕಿಯ ತೂಕದೊಡನೆ ಅದನ್ನು ತಂದ ಕೈಯ ಬದಲಾವಣೆಯನ್ನೂ ಅವರು ಕಂಡರು. ಇಂದು ದಾಸೋಹಕ್ಕೆಂದು ಹೆಚ್ಚಿಗೆ ಬಾಗಿದ ಬೆನ್ನು, ನಾಳೆ ಹೆಚ್ಚಿಗೆಂದೇ ಬಾಗುವುದು. ಕಾಯಕ, ದಾಸೋಹ, ಅನುಭಾವ, ತೃಪ್ತಿ ಇವು ನಾಲ್ಕೂ ಒಳಿತುಗಳೇ. ಯಾವ ದಿನ ಯಾವುದಕ್ಕೆ ಬಲ ಕೊಡಬೇಕೆಂಬುದನ್ನು ಆ ತಾಯಿಯ ಬಡತನದ ಬದುಕು ಅವರಿಗೆ ಕಲಿಸಿತ್ತು. ಅಂಥ ಶೀಲವು ಒಂದು ದಿನದಲ್ಲಿ ಬರತಕ್ಕದ್ದಲ್ಲ.

ನುಲಿಯ ಚಂದಯ್ಯನವರ ಪ್ರಸಂಗವೂ ಇಲ್ಲಿ ನೆನಪಾಗುವುದು. ನುಲಿಗೆಂದು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬೀಳಲು, ಅವರು ಕಾಯಕವನ್ನು ನಿಲ್ಲಿಸದೆ ನಡೆದರು. ಕಡೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಲಿಂಗವನ್ನೂ ಕಾಯಕವನ್ನೂ ಕೂಡಿಸಬೇಕಾಯಿತು. ಸದಾಚಾರಕ್ಕೂ ಲಿಂಗಾಚಾರಕ್ಕೂ ಬಿದ್ದ ಇಕ್ಕಟ್ಟನ್ನು ನಮ್ಮ ಹಿರಿಯರು ಬಚ್ಚಿಡದೆ ಕಥೆಯಾಗಿ ಉಳಿಸಿದ್ದಾರೆಂಬುದೇ ಗಮನಾರ್ಹ.

ಇಲ್ಲಿ ಒಂದು ಶಂಕೆ ಹುಟ್ಟುವುದು. ಒಳಿತುಗಳು ಹಲವು, ಏಣಿಯಿಲ್ಲ ಎಂದ ಮೇಲೆ ಅವರವರಿಗೆ ತೋರಿದ್ದೇ ಧರ್ಮವಾಗಲಿಲ್ಲವೇ? ಇದಕ್ಕೆ ಸಮಾಧಾನವೇನೆಂದರೆ, ಹಲವು ಎಂಬುದಕ್ಕೂ ಏನಾದರೂ ಸರಿ ಎಂಬುದಕ್ಕೂ ಬಹಳ ಅಂತರವಿದೆ. ಕದ್ದ ಅಕ್ಕಿಯಿಂದ ದಾಸೋಹ ಮಾಡಬಹುದೇ ಎಂಬ ಪ್ರಶ್ನೆ ಲಕ್ಕಮ್ಮನವರ ಮನೆಯಲ್ಲಿ ಏಳಲೇ ಇಲ್ಲ. ಪರಮತಗಳ ವಿಷಯದಲ್ಲಿಯೂ ಇದೇ ಭೇದವನ್ನು ಕಾಣಬಹುದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯ ಬೆಟ್ಟದಲ್ಲಿ ಗುರುತಿಸಿದ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ದೊರೆತುದು ಸರ್ವವಿದಿತವೇ ಇದೆ. ಧರ್ಮದ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಕಿರಿಯನೂ ಪ್ರಯತ್ನದಿಂದ ಪಡೆಯಬಲ್ಲನೆಂಬುದು ಅದರ ಒಂದು ಮುಖ್ಯಾಭಿಪ್ರಾಯ. ಅಶೋಕನ ಹನ್ನೆರಡನೆಯ ಬಂಡೆಶಾಸನವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ಎಲ್ಲ ಮತಗಳ ಸಾರವೂ ವೃದ್ಧಿಯಾಗಲಿ ಎಂದು ಬಯಸುವ ಆ ಶಾಸನ, ಆ ಸಾರಕ್ಕೆ ಬೇರು ಮಾತಿನ ಸಂಯಮವೆಂದು ತಿಳಿಸುವುದು. ಮತಗಳು ಹಲವಾಗಿರಲಿ ಎಂದವನೂ ಸಂಯಮವೆಂಬ ಗುಣವನ್ನು ಎಲ್ಲರಿಂದಲೂ ಕೇಳಿದನೆಂಬುದನ್ನು ವಾಚಕರು ಲಕ್ಷಿಸಬೇಕು.

ಅದಂತಿರಲಿ. ಇಂದಿನ ನಮ್ಮ ಸೀಮೆಯ ಮಾತಿಗೆ ಬರೋಣ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಇಳಿಯಿತು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಮುನಿರಾಬಾದಿನಿಂದ ಹೊರಟು, ಗಂಗಾವತಿ ಕಾರಟಗಿಗಳನ್ನು ದಾಟಿ ಸಿಂಧನೂರಿಗೆ ಬಂದು, ಮುಂದೆ ಮಸ್ಕಿ, ಮಾನ್ವಿ, ರಾಯಚೂರುಗಳ ಕಡೆಗೆ ಸಾಗುವುದು. ಬರವನ್ನು ತಡೆಯಲೆಂದು, ಜೋಳ, ಹತ್ತಿ, ಸೇಂಗಾ ಮುಂತಾದ ಮಿತ ನೀರಿನ ಬೆಳೆಗಳಿಗೇ ಹೆಚ್ಚಿನ ಭೂಮಿಯನ್ನು ಗೊತ್ತುಮಾಡಿ ಈ ಕಾಲುವೆಯನ್ನು ಯೋಜಿಸಿದ್ದರು. ಆದರೆ ನಡೆದದ್ದೇ ಬೇರೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟದೆ ರೈತರು ವರ್ಷವರ್ಷವೂ ರಸ್ತೆಗಿಳಿಯುವಂತಾಯಿತು.

ಮೇಲ್ಭಾಗದ ರೈತನನ್ನು ಲೋಭಿಯೆಂದು ಕರೆದು ಪಾಠ ಮುಗಿಸುವುದು ಸುಲಭ. ಆದರೆ ಅದು ನ್ಯಾಯವಾಗದು. ಕ್ಯಾಂಪುಗಳಲ್ಲಿ ನೆಲೆಸಿ ಏರುಪೇರಾದ ಎರೆಭೂಮಿಯನ್ನು ಮಟ್ಟಮಾಡಿ ಗದ್ದೆಯಾಗಿಸಿದವರ ದುಡಿಮೆಯೂ ಕಾಯಕವೇ. ಆತನಿಗೂ ಸಾಲವಿದೆ, ಓದುವ ಮಕ್ಕಳಿದ್ದಾರೆ, ಮನೆಗೆ ಬಂದವರಿಗೆ ಅನ್ನವಿಕ್ಕುವ ವ್ರತವಿದೆ. ಆತನು ಬೆಳೆದ ಭತ್ತವೇ ಎಷ್ಟೋ ಊರುಗಳ ಎಲೆಗೆ ಅನ್ನವಾಗಿ ಬೀಳುವುದು. ಇವೆಲ್ಲ ಒಳಿತುಗಳು, ಕೊನೆ ಭಾಗದವನ ಒಣಗುತ್ತಿರುವ ಪೈರು ಇವನ್ನು ಸುಳ್ಳಾಗಿಸಲಾರದು. ಅದರಂತೆಯೇ ಇವು ಆ ಒಣಗಿದ ಪೈರನ್ನೂ ಸುಳ್ಳಾಗಿಸಲಾರವು. ಭತ್ತವನ್ನು ಬಿಟ್ಟು ಜೋಳ ಬಿತ್ತಿದವನು ನಿಜವಾಗಿಯೇ ಏನನ್ನೋ ಕಳೆದುಕೊಳ್ಳುವನು. ಆತನಿಗೆ ನಷ್ಟವೇ ಇಲ್ಲವೆಂದು ಉಪದೇಶಿಸುವವರು ಅವನ ಮನೆಯ ಲೆಕ್ಕಪುಸ್ತಕವನ್ನು ನೋಡಿದವರಲ್ಲ.

ಸರದಿಯ ಕಟ್ಟಳೆಗಳಿವೆ, ಅಧಿಕಾರಿಗಳಿದ್ದಾರೆ, ಅವು ಇರಬೇಕಾದದ್ದೇ. ಆದರೂ ನಡುರಾತ್ರಿ ತೂಬಿನ ಬಾಗಿಲನ್ನು ಇನ್ನೊಂದು ಗೇಣು ಮೇಲೆತ್ತುವ ಕೈಯನ್ನು ಯಾವ ಕಟ್ಟಳೆಯೂ ಕಾಣದು. ಮುಂಜಾನೆ ಆತನು ಗದ್ದೆ ತುಂಬಿಸಿ, ಕೆಸರುಗಾಲಿನಲ್ಲಿ ಮನೆಗೆ ಬರುವನು. ಹೆಂಡತಿ ಕಾಲಿಗೆ ನೀರು ಕೊಡುತ್ತ, ನಿನ್ನೆ ಸರದಿ ನಮ್ಮದಲ್ಲವಲ್ಲ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೇಳುವಳೋ, ಅಥವಾ ಗದ್ದೆ ತುಂಬಿತೇ ಎಂದಷ್ಟೇ ಕೇಳುವಳೋ?